ಯಾರ ಬೆನ್ನಿಗೆ ಯಾರು

ಜುಗೂಳದಲ್ಲಿ ಬಸ್ಸಿನಿಂದ ಇಳಿದು ಆಬಾಸಾಹೇಬ ಮಗದುಮ್ಮ ಅವರ ಮನೆ ಯಾವುದು ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಆಬಾ ಸರ್ ಅನ್ನಿ, ಆಗ ನೋಡಿ ಮಜಾ. ಮೇವಿನ ಹೊರೆ ಹೊತ್ತು ಹೊರಟ ಹೆಂಗಸೂ ನಿಂತು, ಲೆಕ್ಕದ ಸರ್ ಏನ್ರಿ, ಇವತ್ತು ರವಿವಾರ ಅಲ್ಲೇನ್ರಿ, ತಾಲೀಮಿನ ಕಡೆ ಹೋಗ್ರಿ ಎಂದು ದಾರಿ ತೋರಿಸುತ್ತಾಳೆ. ಗಣಿತದ ಮಾಸ್ತರನನ್ನು ಹುಡುಕಿ ಬಂದವರನ್ನು ಪೈಲವಾನರು ಕುಸ್ತಿ ಆಡುವ ತಾಲೀಮಿಗೆ ಅಟ್ಟುವ ಊರು ಕೃಷ್ಣೆಯ ಈ ದಂಡೆಯಲ್ಲೂ ಇಲ್ಲ, ಆ ದಂಡೆಯಲ್ಲೂ ಇಲ್ಲ. ಇದೊಂದೇ.

ಇದರಲ್ಲಿ ಆಬಾ ಸರ್ ತಪ್ಪು ಏನೂ ಇಲ್ಲ. ಅವರ ತಂದೆಗೆ ಮಗ ಪೈಲವಾನ ಆಗಬೇಕು ಅಂತ ಆಸೆ. ಈ ಸೀಮೆಯಲ್ಲಿ ನಾಲ್ಕು ಎಕರೆ ಕಬ್ಬು, ಎರಡು ಎಮ್ಮೆ ಇದ್ದ ಮನೆಯಲ್ಲಿ ಗಂಡು ಹುಟ್ಟಿತು ಅಂದರೆ ಒಮ್ಮೆ ಅದನ್ನು ತಾಲೀಮಿನ ಮಣ್ಣಿಗೆ ಇಳಿಸಿ ನೋಡದೆ ಬಿಡುವವರಿಲ್ಲ. ಹುಡುಗನಿಗೆ ಚರಿಗೆಗಟ್ಟಲೆ ಹಾಲು ಕುಡಿಸಿದರು, ಬದಾಮು ಅರೆದು ತಿನ್ನಿಸಿದರು. ಮೈಯೇನೋ ಬಂತು, ಬಾಗಿಲಿಗೆ ಅಡ್ಡ ನಿಂತರೆ ಮನೆಯೊಳಗೆ ಕತ್ತಲಾಗುವಷ್ಟು ಬಂತು. ಕುಸ್ತಿ ಮಾತ್ರ ಬರಲಿಲ್ಲ. ಎದುರಿನವನ ಕಾಲಿಗೆ ಕೈ ಹಾಕುವ ಬದಲು, ಇವನು ಎಡಕ್ಕೆ ವಾಲಿದರೆ ಹಿಡಿಯಲು ಎಷ್ಟು ದಾರಿ, ಬಲಕ್ಕೆ ವಾಲಿದರೆ ಎಷ್ಟು ದಾರಿ ಎಂದು ಎಣಿಸುತ್ತ ನಿಂತುಬಿಡುತ್ತಿದ್ದ. ಎಣಿಕೆ ಮುಗಿಯುವುದರೊಳಗೆ ಬೆನ್ನಿಗೆ ಮಣ್ಣು ಹತ್ತಿ, ಮುಖದ ಮೇಲೆ ಆಕಾಶ ಕಾಣುತ್ತಿತ್ತು. ತಾಲೀಮಿನ ಗುರು ಮಲಕಾರಿ ವಸ್ತಾದ ಕೊನೆಗೆ ತಂದೆಯನ್ನು ಕರೆದು, ಮೈ ಪೈಲವಾನನದೇ, ತಲೆ ಮಾತ್ರ ಬೇರೆ ಯಾರದೋ ಬಂದು ಕೂತಿದೆ, ಸಾಲಿ ಕಲಿಸು ಎಂದುಬಿಟ್ಟ.

ಹಾಗೆ ಚಿಕ್ಕೋಡಿಯಲ್ಲಿ ಡಿ.ಎಡ್. ಆಯಿತು. ರಾಯಬಾಗ ತಾಲೂಕಿನ ಒಂದು ತೋಟದ ಶಾಲೆಯಲ್ಲಿ ನೌಕರಿ ಆಯಿತು. ಆ ಮೇಲೆ ವರ್ಗಾವಣೆಗೆ ಅರ್ಜಿ ಹಾಕಿ ಹಾಕಿ ಸ್ವಂತ ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಬಂದು, ಆರನೆಯ ತರಗತಿಯಿಂದ ಎಂಟನೆಯತ್ತೆವರೆಗೆ ಗಣಿತ ಹೇಳಲು ನಿಂತರು. ತರಗತಿಯಲ್ಲಿ ಕೆಲವು ಮಕ್ಕಳು ಸರ್ ಕರಿಹಲಗೆಯ ಮೇಲೆ ಲೆಕ್ಕ ಬರೆದು ಮುಗಿಸುವುದರೊಳಗೆ ಉತ್ತರ ಹೇಳಿ, ಉಳಿದ ಹೊತ್ತೆಲ್ಲ ಮುಂದಿನವನ ಅಂಗಿಗೆ ಇರುವೆ ಬಿಡುತ್ತಿದ್ದವು. ಇಂಥವನ್ನು ಹೊರಗೆ ನಿಲ್ಲಿಸುವುದು ಎಲ್ಲ ಮಾಸ್ತರರ ಪದ್ಧತಿ. ಆಬಾ ಸರ್ ಹಾಗೆ ಮಾಡಲಿಲ್ಲ. ಇರುವೆ ಬಿಡುವವರನ್ನೆಲ್ಲ ಆರಿಸಿ ರವಿವಾರ ಬೆಳಿಗ್ಗೆ ಬರಹೇಳಿದರು.

ರವಿವಾರ ಶಾಲೆಗೆ ಕೀಲಿ. ಮನೆಯಲ್ಲಿ ಇಷ್ಟು ಮಕ್ಕಳನ್ನು ಕೂರಿಸಿದರೆ ಹೆಂಡತಿ ಮಂಗಲ ಅವರು ಏನೂ ಅನ್ನುವುದಿಲ್ಲ, ಪಾತ್ರೆ ಮಾತ್ರ ಜೋರಾಗಿ ಇಡುತ್ತಾರೆ. ಕೊನೆಗೆ ಸರ್ ಹೋಗಿ ನಿಂತದ್ದು ಹಳೆಯ ವಸ್ತಾದನ ಮುಂದೆ. ತಾಲೀಮಿನ ಕಣದ ಮಣ್ಣು ಎಂದರೆ ಬರೀ ಮಣ್ಣಲ್ಲ. ಎಣ್ಣೆ, ಮಜ್ಜಿಗೆ, ಅರಿಸಿನ ಕೂಡಿಸಿ ಹದ ಮಾಡಿದ ಕೆಂಪು ಮಣ್ಣು. ಹೊಸದು ತುಂಬಿದಾಗ ಹಳೆಯದನ್ನು ಹೊರಗೆ ಬೇವಿನ ಗಿಡದ ಬುಡದಲ್ಲಿ ಹರವುತ್ತಾರೆ. ಅದೇ ಇವರ ಪಾಟಿ. ಮಕ್ಕಳು ಸುತ್ತ ಕುಕ್ಕರಗಾಲಿನಲ್ಲಿ ಕೂತು ಬೆರಳಿನಿಂದ ಲೆಕ್ಕ ಬರೆಯುತ್ತವೆ, ತಪ್ಪಿದರೆ ಅಂಗೈಯಿಂದ ಒರೆಸುತ್ತವೆ. ಒರೆಸುವುದು ಇಷ್ಟು ಸಲೀಸಾದರೆ ತಪ್ಪು ಮಾಡಲು ಯಾರಿಗೆ ಭಯ? ಮೇಲಾಗಿ ಲೆಕ್ಕ ಬಿಡಿಸಿದವರು ಬಾಯಿ ಬಿಡುವಂತಿಲ್ಲ, ತೊಡೆ ತಟ್ಟಬೇಕು. ಒಳಗೆ ಪೈಲವಾನರು ತಟ್ಟಿದ್ದು ಯಾವುದು, ಹೊರಗೆ ಆರನೆಯತ್ತೆಯ ಪೋರರು ತಟ್ಟಿದ್ದು ಯಾವುದು ಎಂದು ದಾರಿಹೋಕರಿಗೆ ತಿಳಿಯದೆ ಎಷ್ಟೋ ಸಲ ಗೊಂದಲ ಆಗಿದೆ.

ಇನ್ನು ಇವರ ಒಂದು ಜಂಭದ ಮಾತು ಹೇಳಲೇಬೇಕು. ದೀಪಾವಳಿ ಸೂಟಿ ಮುಗಿದ ಮೊದಲ ರವಿವಾರ ಸರ್ ಬಲಗೈ ಮೇಲೆತ್ತಿ ಮಕ್ಕಳ ಸುತ್ತ ಒಂದು ಸುತ್ತು ಬರುತ್ತಾರೆ. ಕುಸ್ತಿಯ ಕಣದಲ್ಲಿ ಪೈಲವಾನ ಹೀಗೆ ಕೈ ಎತ್ತಿ ನಡೆದರೆ, ನನ್ನ ಜೋಡಿ ಯಾರು ಬರುತ್ತೀರಿ ಎಂದು ಅರ್ಥ. ಯಾರು ಆ ಕೈ ಮುಟ್ಟುತ್ತಾರೋ ಅವರ ಕೂಡ ಕುಸ್ತಿ. ಇಲ್ಲಿಯೂ ಹಾಗೆಯೇ. ಕೈ ಮುಟ್ಟಿದ ಹುಡುಗ ಅಥವಾ ಹುಡುಗಿ ಒಂದು ಲೆಕ್ಕ ಕೊಡಬೇಕು, ಲೆಕ್ಕ ಕೊಟ್ಟವರಿಗೆ ಅದರ ಉತ್ತರ ಗೊತ್ತಿರಬೇಕು. ಸರ್‌ಗೆ ಮುಂದಿನ ರವಿವಾರದವರೆಗೆ ಸಮಯ. ಫೋನು ನೋಡುವಂತಿಲ್ಲ, ಇನ್ನೊಬ್ಬ ಮಾಸ್ತರನನ್ನು ಕೇಳುವಂತಿಲ್ಲ. ಬಿಡಿಸಲಾಗದಿದ್ದರೆ ಗೆದ್ದವರ ತಲೆಗೆ ಸರ್ ತಮ್ಮ ಕೈಯಾರೆ ಫೇಟಾ ಸುತ್ತಿ, ಹೆಗಲ ಮೇಲೆ ಕೂರಿಸಿಕೊಂಡು ಊರಲ್ಲಿ ಮೆರೆಸಬೇಕು. ಇಷ್ಟು ವರ್ಷವಾದರೂ ಆ ಹೆಗಲು ಖಾಲಿಯೇ ಇತ್ತು. ಕುಸ್ತಿಯಲ್ಲಿ ಊರಿನವರೆಲ್ಲರ ಕೈಯಲ್ಲೂ ಬಿದ್ದ ಮನುಷ್ಯ, ಲೆಕ್ಕದಲ್ಲಿ ಒಮ್ಮೆಯೂ ಬಿದ್ದಿಲ್ಲ. ಅದೊಂದನ್ನು ಅವರು ಒಳಗೊಳಗೆ ತುಪ್ಪ ಹಚ್ಚಿ ಸಾಕಿಕೊಂಡಿದ್ದರು. ಜೀವನದಲ್ಲಿ ಹೆಮ್ಮೆ ಅಂತ ಇದ್ದದ್ದು ಅದು ಒಂದೇ.

ಈ ವರ್ಷ ಆ ಕೈ ಮುಟ್ಟಿದವಳು ಪೂನಮ. ಹಾಲಿನ ಡೇರಿ ನಡೆಸುವ ಸುಧೀರನ ಮಗಳು, ಏಳನೆಯತ್ತೆ. ಮೈಯಲ್ಲಿ ಗಾಳಿ ಹೊಕ್ಕರೆ ಹಾರಿಹೋಗುವಂಥ ಹುಡುಗಿ, ಜಡೆಯ ರಿಬ್ಬನ್ನಿನ ತುದಿ ಸದಾ ಬಾಯಲ್ಲಿ. ಎರಡು ಮತ್ತು ಎರಡು ನಾಲ್ಕು ಅಂದರೂ, ಯಾಕ್ರಿ ಎಂದು ಕೇಳುವಳು. ಮೊದಮೊದಲು ಸರ್‌ಗೆ ಸಿಟ್ಟು ಬರುತ್ತಿತ್ತು. ಆಮೇಲೆ ಆ 'ಯಾಕ್ರಿ' ಬಾರದ ದಿನ ಪಾಠ ಸಪ್ಪೆ ಅನ್ನಿಸತೊಡಗಿತು.

ಲೆಕ್ಕ ಅವಳಿಗೆ ಸಿಕ್ಕಿದ್ದು ಹಿಂದಿನ ದಿನ ತಾಲೀಮಿನ ಅಂಗಳದಲ್ಲಿ. ಪೈಲವಾನರ ಫೋಟೋ ಹಾಕಿ ಬಸ್ ನಿಲ್ದಾಣದಲ್ಲಿ ಒಂದು ದೊಡ್ಡ ಫ್ಲೆಕ್ಸ್ ಕಟ್ಟಿಸಬೇಕೆಂದು ವಸ್ತಾದನಿಗೆ ಹುಕಿ ಬಂದಿತ್ತು. ಕಾಗವಾಡದಿಂದ ಫೋಟೋದವನು ಬಂದ. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಲ್ಲಿರಿ ಎಂದು ವಸ್ತಾದ ವಯಸ್ಸಿನ ಪ್ರಕಾರ ನಿಲ್ಲಿಸಿದ. ಶುರುವಾಯಿತು ನೋಡಿ ರಾಮಾಯಣ. ಆ ಸಲ ತಾಲೀಮಿನೊಳಗೆ ಪ್ರತಿಯೊಬ್ಬನೂ ಉಳಿದ ಪ್ರತಿಯೊಬ್ಬನ ಜೊತೆ ಒಂದೊಂದು ಕುಸ್ತಿ ಆಡಿದ್ದ, ಒಬ್ಬನ ಬೆನ್ನು ಮಣ್ಣಿಗೆ ಹತ್ತಿ ಚಿತ್ ಆಗುವ ತನಕ ವಸ್ತಾದ ಯಾವ ಕುಸ್ತಿಯನ್ನೂ ಬಿಡಿಸಿರಲಿಲ್ಲ. ಹೀಗಾಗಿ ಯಾರನ್ನು ಯಾರು ಕೆಡವಿದ್ದಾರೆ ಅನ್ನುವುದು ಎಲ್ಲರಿಗೂ ಬಾಯಿಪಾಠ. ಇವನನ್ನು ನಾನು ಕೆಡವಿದ್ದೇನೆ, ಇವನ ಬೆನ್ನು ನೋಡುತ್ತ ನಾನು ನಿಲ್ಲಬೇಕೇ ಎಂದು ಒಬ್ಬ ಹೊರಬಿದ್ದ. ಅವನನ್ನು ಮುಂದೆ ತಂದರೆ ಇನ್ನೊಬ್ಬ ಹೊರಬಿದ್ದ. ಬಾಳೆಕಂಬದಂಥ ತೊಡೆಯ ಗಂಡಸರು ಬಾಲವಾಡಿಯ ಮಕ್ಕಳ ಹಾಗೆ ಮೂತಿ ಉಬ್ಬಿಸಿ ಕೂತರು. ಫೋಟೋದವನು ಚಹಾ ಕುಡಿದು ಹೊರಟೇ ಹೋದ. ಪೂನಮ ಕಟ್ಟೆಯ ಮೇಲೆ ಕೂತು ರಿಬ್ಬನ್ನು ಅಗಿಯುತ್ತ ಎಲ್ಲ ನೋಡಿದ್ದಳು.

ಮರುದಿನ ಸರ್ ಕೈ ಎತ್ತಿ ಸುತ್ತು ಬರುತ್ತಿದ್ದಾಗ ಅವಳು ಎದ್ದು ಹೋಗಿ ಮುಟ್ಟಿದಳು. ಕೈ ನಿಲುಕಲಿಲ್ಲ, ಹಾರಿ ಮುಟ್ಟಿದಳು.

"ಸರ್, ಪೈಲವಾನ್ರು ಎಷ್ಟ ಮಂದಿರೆ ಇರ್ಲಿ," ಎಂದಳು. "ಎಲ್ಲಾರೂ ಎಲ್ಲಾರ ಕೂಡ ಒಂದೊಂದು ಕುಸ್ತಿ ಆಡ್ಯಾರ. ಯಾವುದೂ ಬರಾಬರಿ ಆಗಿಲ್ಲ. ಅವರನ್ನ ಒಂದ ಸಾಲಿನ್ಯಾಗ ನಿಂದರಸಬೇಕು. ಯಾರೂ ತಾ ಕೆಡವಿದಾಂವನ ಬೆನ್ನಿಗೆ ಹತ್ತಿ ನಿಂದರಬಾರ್ದು. ಯಾವಾಗ್ಲೂ ಆಗತೈತೇನ್ರಿ? ಆಗತೈತಿ ಅಂದ್ರ, ಹೆಂಗ?"

ಅಂದರೆ ಇಷ್ಟೇ: ಸಾಲಿನಲ್ಲಿ ಯಾರನ್ನೇ ತೆಗೆದುಕೊಳ್ಳಿ, ಅವನ ಮುಂದೆಯೇ ನಿಂತವನು ಅವನನ್ನು ಸೋಲಿಸಿರಬೇಕು. ಆಚೆ ಈಚೆಯವರ ಗೊಡವೆ ಬೇಡ, ಒತ್ತಿ ನಿಂತ ಇಬ್ಬರದಷ್ಟೇ ಮಾತು. ಆಬಾ ಸರ್ ನಕ್ಕುಬಿಟ್ಟರು. ಇದಕ್ಕೆ ವಾರ ಯಾಕೆ, ಸೋಮವಾರ ಡೇರಿಗೆ ಹಾಲು ಹಾಕಲು ಬಂದಾಗಲೇ ಉತ್ತರ ಹೇಳುತ್ತೇನೆ ಎಂದರು. ಒಳಗಿನಿಂದ ವಸ್ತಾದನೂ ಕೇಳಿಸಿಕೊಂಡಿದ್ದ. ಉತ್ತರ ಸಿಕ್ಕರೆ ನನಗೂ ಹೇಳಿರಿ ಸರ, ನನ್ನ ಫ್ಲೆಕ್ಸ್ ನಿಂತಿದೆ ಎಂದ.

ಸೋಮವಾರ ಸರ್ ಡೇರಿಗೆ ಹೋದರು, ಉತ್ತರ ಹೋಗಲಿಲ್ಲ. ಮೊದಲನೆಯವನು ಎರಡನೆಯವನನ್ನು ಕೆಡವಿದ, ಎರಡನೆಯವನು ಮೂರನೆಯವನನ್ನು, ಆ ಮೂರನೆಯವನು ಬಂದು ಮೊದಲನೆಯವನನ್ನೇ ಕೆಡವಿದ! ಹೀಗೂ ಆಗುತ್ತದಲ್ಲ. ಮೂವರಲ್ಲೇ ಇಷ್ಟು ಗೋಜಲಾದರೆ ಮೂವತ್ತು ಜನರ ಪಾಡೇನು ಎಂದು ಯೋಚಿಸುತ್ತ ಕ್ಯಾನಿನ ಹಾಲನ್ನು ಅಳತೆಯ ಪಾತ್ರೆಗೆ ಸುರಿಯುವ ಬದಲು ಪಕ್ಕದ ಮನೆಯವರ ಕ್ಯಾನಿಗೆ ಸುರಿದು ಬಂದರು. ಮಂಗಳವಾರ ಎಂಟನೆಯತ್ತೆಗೆ ಹೋಗಿ ಆರನೆಯತ್ತೆಯ ಪಾಠ ಮಾಡಿದರು. ಎಂಟನೆಯತ್ತೆಯವರು ಕಮಕ್ ಕಿಮಕ್ ಅನ್ನದೆ ಕೇಳಿದರು, ಸುಲಭ ಇತ್ತಲ್ಲ. ಬುಧವಾರ ಅಡುಗೆಮನೆಯಲ್ಲಿ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಅಕ್ಕಿಯ ಡಬ್ಬಿ ಬೇಳೆಯ ಡಬ್ಬಿಯನ್ನು ಕೆಡವಿತು, ಬೇಳೆ ಸಕ್ಕರೆಯನ್ನು ಕೆಡವಿತು ಎಂದು ಸಾಲು ಹಚ್ಚಿ ಕೂತರು. ಮಂಗಲ ಅವರಿಗೆ ಆ ದಿನ ಚಹಾದ ಪುಡಿ ಸಿಕ್ಕಿದ್ದು ಸಾಸಿವೆಯ ಹಿಂದೆ.

ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಮಂಗಲ ಅವರು ಬಡಿಸಿಟ್ಟು ಕರೆದರು, ಮತ್ತೆ ಕರೆದರು, ಬಂದೆ ಬಂದೆ ಎನ್ನುತ್ತ ಸರ್ ಹಿತ್ತಲಲ್ಲಿ ಹುಣಸೆಬೀಜ ಜೋಡಿಸುತ್ತಲೇ ಇದ್ದರು. ತಲೆ ಎತ್ತಿದಾಗ ಸೂರ್ಯ ಹೊಳೆಯ ಆಚೆ ಇಳಿದುಹೋಗಿದ್ದ. ಆ ಭಾರೀ ದೇಹ ಬರೀ ಹೊಟ್ಟೆಯಲ್ಲಿ ಮಲಗಿ ಹೊರಳಾಡಿದ್ದನ್ನು ನೆನೆಸಿಕೊಂಡರೆ ಪಾಪ ಅನ್ನಿಸುತ್ತದೆ, ನಗುವೂ ಬರುತ್ತದೆ. ಇನ್ನು ಮಕ್ಕಳು ಬಿಡುತ್ತವೆಯೇ? ಸರ್ ಗಾಡಿ ದೂರದಲ್ಲಿ ಕಂಡರೆ ಸಾಕು, ಹಾದಿಯ ಮಗ್ಗುಲಿಗೆ ಒಂದರ ಹಿಂದೆ ಒಂದು ಸಾಲಾಗಿ ನಿಂತು, ಹಿಂದಿನದು ಮುಂದಿನದರ ಬೆನ್ನಿಗೆ ಬೆರಳು ತೋರಿಸಿ ಮೂತಿ ತಿರುವುತ್ತಿದ್ದವು. ಸರ್ ಕಣ್ಣು ಕೆಕ್ಕರಿಸುತ್ತಿದ್ದರು, ತಿರುವು ದಾಟಿದ ಮೇಲೆ ತಾವೂ ನಗುತ್ತಿದ್ದರು.

ಶುಕ್ರವಾರ ಡೇರಿಯ ಮುಂದೆ ಪಾಳಿ ಹಚ್ಚಿ ನಿಂತಿದ್ದಾಗ ತಲೆಯಲ್ಲಿ ಠಣ್ ಎಂದಿತು. ಇಷ್ಟೇ ಏನು! ಗೆದ್ದ ಕುಸ್ತಿ ಎಣಿಸಬೇಕು. ಎಲ್ಲರಿಗಿಂತ ಹೆಚ್ಚು ಗೆದ್ದವನು ಎಲ್ಲರಿಗಿಂತ ಮುಂದೆ, ಅವನಿಗಿಂತ ಕಡಿಮೆ ಗೆದ್ದವನು ಅವನ ಹಿಂದೆ, ಹೀಗೆ ಬಾಲದವರೆಗೆ. ಇಬ್ಬರು ಸಮ ಗೆದ್ದಿದ್ದರೆ ಅವರಿಬ್ಬರಲ್ಲಿ ಯಾರು ಕೆಡವಿದನೋ ಅವನು ಮುಂದೆ. ಹಾಲು ಹಾಕುವುದನ್ನು ಬಿಟ್ಟು ಕ್ಯಾನಿನ ಸಮೇತ ಮನೆಗೆ ಓಡಿದರು. ಮೂವರಿಗೆ ಮಾಡಿ ನೋಡಿದರು, ಆಯಿತು. ನಾಲ್ವರಿಗೆ ಎಲ್ಲ ತರದಲ್ಲೂ ಮಾಡಿ ನೋಡಿದರು, ಆಯಿತು. ಐವರಿಗೂ ಸಮ ಗೆದ್ದವರನ್ನು ಒಂದಿಷ್ಟು ಆಚೆ ಈಚೆ ಸರಿಸಿದರೆ ಆಗಿಯೇ ಆಗುತ್ತಿತ್ತು. ಕುಣಿಯುತ್ತ ತಾಲೀಮಿಗೆ ಹೋಗಿ ವಸ್ತಾದನಿಗೆ ಹೇಳಿದರು. ವಸ್ತಾದ ಗಂಭೀರವಾಗಿ ತಲೆ ಆಡಿಸಿ, ಮತ್ತೇನು ಸರ, ಹೆಚ್ಚು ಗೆದ್ದವನೇ ಮುಂದೆ, ನಮ್ಮ ಗುರುಗಳ ಕಾಲದಿಂದ ಬಂದದ್ದೇ ಅದು, ನನಗೇ ಹೊಳೆಯಲಿಲ್ಲ ನೋಡಿರಿ ಎಂದ. ಬೇರೆ ಊರಿನ ಮಾಸ್ತರನಾಗಿದ್ದರೆ ಇಲ್ಲೊಂದು ಕ್ಷಣ ನಿಂತು ಅನುಮಾನಪಡುತ್ತಿದ್ದನೋ ಏನೋ. ತಾಲೀಮಿನ ಮಣ್ಣಿನಲ್ಲಿ ಹೊರಳಾಡಿ ಬೆಳೆದ ಈ ಇಬ್ಬರಿಗೆ ಹೆಚ್ಚು ಗೆದ್ದವನು ತನ್ನ ಬೆನ್ನಿಗೇ ನಿಂತ ಕಡಿಮೆ ಗೆದ್ದವನಿಗೆ ಸೋತಿರಬಹುದು ಎಂಬುದು ಕನಸಿನಲ್ಲೂ ಬರಲಿಲ್ಲ.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮಂಗಲ ಅವರು ಮೆಲ್ಲಗೆ ಮಾತು ತೆಗೆದರು. ಬೆಳಿಗ್ಗೆ ಬಸದಿಯಲ್ಲಿ ಪೂನಮ ಸಿಕ್ಕಿದ್ದಳಂತೆ. ಫೇಟಾ ಸುತ್ತುವಾಗ ಜಡೆ ಒಳಗೆ ಇರಬೇಕೋ ಹೊರಗೆ ಬಿಡಬೇಕೋ ಎಂದು ಕೇಳಿದಳಂತೆ. ಕೂಸಿನ ಕಣ್ಣು ಹೊಳೆಯುತ್ತಿದ್ದವಂತೆ.

"ಒಂದ ಮಾತ ಹೇಳ್ಲೇನ್ರಿ?" ಎಂದರು ಮಂಗಲ. "ಇದೊಂದ ಸಲ ಸೋತ ಬಿಡ್ರಿ. ನಿಮಗೇನ ಕಡಿಮಿ ಆಗತೈತಿ?"

ಆಬಾ ಸರ್ ಕೈಯ ತುತ್ತು ತಟ್ಟೆಗೆ ಇಳಿಯಿತು. ಮೊದಲೇ ಮಾತಾಡಿಕೊಂಡು, ಬೇಕೆಂದೇ ಬೀಳುವ ಕುಸ್ತಿಗೆ ಈ ಕಡೆ ನೂರಾ ಕುಸ್ತಿ ಎನ್ನುತ್ತಾರೆ. ಪೈಲವಾನನಿಗೆ ಕಳ್ಳ ಎಂದರೂ ಸಹಿಸಿಯಾನು, ನೂರಾ ಆಡಿದ ಎಂದರೆ ಸಹಿಸುವುದಿಲ್ಲ. ಆಬಾ ಸರ್ ಸಾವಿರ ಸಲ ಬಿದ್ದಿರಬಹುದು, ಒಂದು ಸಲವೂ ಬೇಕೆಂದು ಬಿದ್ದವರಲ್ಲ.

"ಬಿಟ್ಟಕೊಟ್ಟ ಕುಸ್ತಿ ಗೆದ್ದಾಂವ ತನ್ನ ತಾಕತ್ತು ಎಷ್ಟಂತ ತಿಳೀದನ ಸಾಯ್ತಾನ, ಮಂಗಲಾ," ಎಂದರು. "ಆ ಹುಡಿಗಿಗೆ ನಾ ಹಂಗ ಮಾಡಂಗಿಲ್ಲ."

ಮಂಗಲ ಅವರು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ, ಹಾಗಾದರೆ ನಿಮ್ಮ ಮುಖ ಯಾಕೆ ಸಣ್ಣದಾಗಿದೆ ಎಂದು ಕೇಳಿದರು. ಸರ್ ತಟ್ಟೆಯ ತುತ್ತನ್ನೇ ತಿರುವುತ್ತ ಕೂತರು. ಗೆಲ್ಲಬೇಕು ಅಂತ ಜೀವ ಹಾತೊರೆಯುತ್ತಿತ್ತು. ಜಡೆ ಒಳಗೋ ಹೊರಗೋ ಎಂದು ಕೇಳಿದ ಆ ಹುಡುಗಿಯ ಮುಖ ನೆನಪಾದರೆ ಅದೇ ಜೀವ ಚುರ್ ಎನ್ನುತ್ತಿತ್ತು. ತಮ್ಮದೇ ಗೆಲುವು ತಮಗೆ ಹೀಗೆ ಒಗರಾಗಿ ಹತ್ತಿದ್ದು ಇದೇ ಮೊದಲು.

ರವಿವಾರ ಬೇವಿನ ಗಿಡದ ಬುಡದಲ್ಲಿ ಎಂದಿಗಿಂತ ಹೆಚ್ಚು ಜನ. ಫ್ಲೆಕ್ಸ್‌ನ ಚಿಂತೆಗೆ ವಸ್ತಾದ ಪೈಲವಾನರನ್ನೂ ಕರೆಸಿದ್ದ, ಅವರು ಸ್ನಾನ ಮಾಡಿ ತಲೆಗೆ ಎಣ್ಣೆ ಹಚ್ಚಿಕೊಂಡು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಆಬಾ ಸರ್ ಮಣ್ಣು ಸವರಿ, ಬೆರಳು ಊರಿ, ಗೆದ್ದ ಕುಸ್ತಿ ಎಣಿಸುವ ಉಪಾಯ ಬಿಡಿಸಿ ಹೇಳಿದರು. ಮೂವರಿಗೆ ಮಾಡಿ ತೋರಿಸಿದರು, ನಾಲ್ವರಿಗೆ, ಐವರಿಗೆ. ಹೀಗೆಯೇ ಮುಂದೆ ಎಷ್ಟು ಜನರಿಗಾದರೂ ಎಂದು ಹೇಳಿ ತೊಡೆ ತಟ್ಟಿದರು. ತಟ್ಟಿದ್ದು ಅಷ್ಟು ಜೋರಾಗಿ ಬರಲಿಲ್ಲ. ಮಕ್ಕಳು ಪೂನಮನ ಕಡೆ ನೋಡಿದವು.

ಪೂನಮ ರಿಬ್ಬನ್ನು ಬಾಯಿಂದ ತೆಗೆದಳು. "ಐದ ಮಂದಿಗೆ ಆತ್ರಿ," ಎಂದಳು. "ಆರ ಮಂದಿಗೆ ಮಾಡಿ ನೋಡಿದ್ರೇನ್ರಿ, ಸರ್?"

ಆಬಾ ಸರ್ ತಟ್ಟಿದ ತೊಡೆಯನ್ನು ಸವರಿಕೊಂಡರು. ನಾಲ್ಕು ಸಲ ಆಯಿತು ಅಂದರೆ ಯಾವಾಗಲೂ ಆಗುತ್ತದೆ ಎಂದು ತಿಳಿಯಬೇಡಿ ಕತ್ತೆಗಳಾ ಎಂದು ಇದೇ ಗಿಡದ ಕೆಳಗೆ ಎಷ್ಟು ಮಕ್ಕಳ ಕಿವಿ ಹಿಂಡಿದ್ದರು ಅವರು. ಹುಡುಗಿ ಆಗಲೇ ಮೊಣಕಾಲೂರಿ ಮಣ್ಣಿನಲ್ಲಿ ಆರು ಚುಕ್ಕಿ ಇಟ್ಟು, ಯಾರು ಯಾರನ್ನು ಕೆಡವಿದರು ಎಂದು ಗೆರೆ ಎಳೆಯತೊಡಗಿದ್ದಳು. ಮೊದಲನೆಯವನು ನಾಲ್ಕು ಕುಸ್ತಿ ಗೆದ್ದಿದ್ದಾನೆ, ಒಂದೇ ಸೋತಿದ್ದಾನೆ. ಅವನಷ್ಟು ಗೆದ್ದವರು ಬೇರೆ ಯಾರೂ ಇಲ್ಲ, ಆದ್ದರಿಂದ ಸರ್ ಲೆಕ್ಕದಲ್ಲಿ ಅವನು ಎಲ್ಲರ ಮುಂದೆ. ಎರಡನೆಯವನು ಮೂರು ಗೆದ್ದಿದ್ದಾನೆ, ಉಳಿದ ನಾಲ್ವರೂ ಎರಡೆರಡು. ಆದ್ದರಿಂದ ಎರಡನೆಯವನು ಮೊದಲನೆಯವನ ಬೆನ್ನಿಗೆ. ಈಗ ಹೇಳಿರಿ, ಮೊದಲನೆಯವನು ಸೋತದ್ದು ಒಂದೇ ಒಂದು ಕುಸ್ತಿ, ಅದು ಯಾರ ಕೈಯಲ್ಲಿ? ಅವಳು ಗೆರೆಯ ಮೇಲೆ ಬೆರಳು ಆಡಿಸಿದಳು. ಎರಡನೆಯವನ ಕೈಯಲ್ಲೇ! ಅಂದರೆ ಅವನು ತಾನು ಕೆಡವಿದವನ ಬೆನ್ನು ನೋಡುತ್ತಲೇ ನಿಂತಿದ್ದಾನೆ, ಫೋಟೋದ ದಿನದ ರಗಳೆ ತಿರುಗಿ ಬಂತು.

ಆಬಾ ಸರ್ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಗೆರೆಯನ್ನು ಬೆರಳಿನಿಂದ ಹಿಂಬಾಲಿಸಿದರು. ಎಲ್ಲಿಯಾದರೂ ಒಂದು ಕುಸ್ತಿ ಎರಡು ಸಲ ಬಂದಿರಬೇಕು, ಎಲ್ಲಿಯಾದರೂ ಎಣಿಕೆ ತಪ್ಪಿರಬೇಕು ಎಂದು ಹುಡುಕಿದರು. ತಪ್ಪಿರಲಿಲ್ಲ. ಕಿವಿ ಬಿಸಿಯಾದವು. ಕಟ್ಟೆಯ ಮೇಲಿನಿಂದ ವಸ್ತಾದ ಗಂಟಲು ಸರಿಮಾಡಿಕೊಂಡು, ಖರೇ ಹೇಳಬೇಕೆಂದರೆ ಅಂಥ ಕುಸ್ತಿ ನಾನೂ ನೋಡಿದ್ದೇನೆ ಎಂದು ಗೊಣಗಿದ. ಈಗ ಹೇಳುತ್ತಾನೆ, ಶುಕ್ರವಾರ ಹೇಳಬಾರದಾಗಿತ್ತೇ.

"ಉತ್ತರ ನಿನಗ ಗೊತ್ತೈತೇನ?" ಎಂದು ಕೇಳಿದರು ಸರ್. ಅವರ ಧ್ವನಿ ಅವರಿಗೇ ಹೊಸದಾಗಿ ಕೇಳಿಸಿತು.

ಪೂನಮ ಬಾಯಲ್ಲಿ ಹೇಳಲಿಲ್ಲ. ಕಟ್ಟೆಯ ಮೇಲಿನ ಪೈಲವಾನರಲ್ಲಿ ಒಬ್ಬನನ್ನು ಕರೆದು ಅಂಗಳದ ನಡುವೆ ನಿಲ್ಲಿಸಿದಳು. ಇನ್ನೊಬ್ಬ ಬಂದ. ಇವನನ್ನು ನೀವು ಕೆಡವಿದ್ದೀರಾ ಎಂದು ಕೇಳಿದಳು, ಹೌದೆಂದ, ಹಾಗಾದರೆ ಮುಂದೆ ನಿಲ್ಲಿರಿ ಎಂದಳು. ಮೂರನೆಯವನು ಬಂದ. ಅವನನ್ನು ಸಾಲಿನ ತಲೆಗೆ ಕರೆದೊಯ್ದು, ಈ ಮೊದಲನೆಯವನನ್ನು ಕೆಡವಿದ್ದೀರಾ ಎಂದು ಕೇಳಿದಳು. ಇಲ್ಲ, ಅವನೇ ನನ್ನನ್ನು ಕೆಡವಿದ್ದಾನೆ. ಸರಿ, ಒಂದು ಹೆಜ್ಜೆ ಹಿಂದೆ ಬನ್ನಿ, ಇವನನ್ನು? ಹೌದು. ಹಾಗಾದರೆ ಇವನ ಮುಂದೆ ನುಸುಳಿ ನಿಲ್ಲಿರಿ. ಅಷ್ಟೇ ಅವಳ ಪದ್ಧತಿ. ಹೊಸಬ ಬಂದಂತೆ ಸಾಲಿನ ತಲೆಯಿಂದ ಕೇಳುತ್ತ ಬರುವುದು, ಅವನು ಕೆಡವಿದವನು ಮೊದಲು ಎಲ್ಲಿ ಸಿಕ್ಕನೋ ಅಲ್ಲಿ, ಅವನ ಮುಂದೆಯೇ ನುಸುಳುವುದು. ಯಾರನ್ನೂ ಕೆಡವಿಲ್ಲವೋ, ಬಾಲಕ್ಕೆ ಹೋಗುವುದು. ಯಾಕೆ ಆಗುತ್ತದೆ ಗೊತ್ತೇ? ಅವನು ದಾಟಿ ಬಂದವರೆಲ್ಲ ಅವನನ್ನು ಕೆಡವಿದವರೇ. ಆದ್ದರಿಂದ ಈಗ ಅವನ ಮುಂದಿರುವವನೂ ಅವನನ್ನು ಕೆಡವಿದವನೇ, ಹಿಂದಿರುವವನನ್ನು ಅವನು ಕೆಡವಿದ್ದಾನೆ. ಯಾರಿಗೆ ತಕರಾರು?

ಮೂರನೆಯ ಪೈಲವಾನ ನುಸುಳಿದ ಕ್ಷಣದಲ್ಲೇ ಆಬಾ ಸರ್‌ಗೆ ಎಲ್ಲ ಹೊಳೆದುಹೋಯಿತು. ವಾರಪೂರ್ತಿ ಅವರು ಇಡೀ ಸಾಲನ್ನು ಒಂದೇ ಏಟಿಗೆ ನಿಲ್ಲಿಸಲು ಗುದ್ದಾಡಿದ್ದರು. ಒಬ್ಬೊಬ್ಬರನ್ನೇ ಕರೆಯಬೇಕು ಎಂಬುದು ಹೊಳೆದೇ ಇರಲಿಲ್ಲ. ಎದೆಯೊಳಗೆ ಏನೋ ಉಕ್ಕಿ ಬಂತು, ನಾಚಿಕೆ ಅಂದುಕೊಂಡರು, ಅಲ್ಲ, ನಾಚಿಕೆ ಅಲ್ಲ. ಖುಷಿ. ಹುಚ್ಚು ಹಿಡಿಯುವಂಥ, ಕೂಗಬೇಕು ಅನ್ನಿಸುವಂಥ ಖುಷಿ. ಕೂಗಿದರೆ ಹುಡುಗಿಯ ಮಾತು ಕೆಡುತ್ತದೆ ಎಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತರು. ಅತ್ತ ಬೆಟ್ಟದಂಥ ಗಂಡಸರು ಒಬ್ಬೊಬ್ಬರಾಗಿ ಆ ಪುಟ್ಟ ಹುಡುಗಿಯ ಮುಂದೆ ಬಂದು, ಸೋತದ್ದನ್ನೂ ಗೆದ್ದದ್ದನ್ನೂ ಸಾಲಿ ಮಕ್ಕಳ ಹಾಗೆ ಒಪ್ಪಿಕೊಂಡು, ಅವಳು ತೋರಿಸಿದಲ್ಲಿ ಹೊಟ್ಟೆ ಒಳಗೆಳೆದು ನುಸುಳುತ್ತಿದ್ದರು. ಸಾಲು ಬೆಳೆದು ಬೇವಿನ ಗಿಡ ದಾಟಿ ಬಾಗಿಲವರೆಗೆ ಹೋಯಿತು. ಒಬ್ಬನೂ ಮೂತಿ ಉಬ್ಬಿಸಲಿಲ್ಲ. ಕೊನೆಯವನು ನಿಂತ ಮೇಲೆ ಪೂನಮ ತಿರುಗಿ ಸರ್ ಮುಖ ನೋಡಿ, ತನ್ನ ಕಡ್ಡಿಯಂಥ ತೊಡೆ ತಟ್ಟಿದಳು.

ಆಮೇಲೆ ಆದದ್ದನ್ನು ಜುಗೂಳದವರು ಇನ್ನೂ ಹೇಳಿಕೊಂಡು ನಗುತ್ತಾರೆ. ಆಬಾ ಸರ್ ಬಾಯಿಂದ ಕೈ ತೆಗೆದರೋ ಇಲ್ಲವೋ, ಗಿಡದ ಮೇಲಿನ ಕಾಗೆಗಳೆಲ್ಲ ಎದ್ದು ಹಾರುವಂಥ ಒಂದು ಕೇಕೆ ಹೊರಬಿತ್ತು. ಫೇಟಾ ತರಿಸಿ ಸುತ್ತಿದರು. ಅವಸರಕ್ಕೆ ಎರಡು ಸಲ ಬಿಚ್ಚಿತು, ಮೂರನೆಯ ಸಲ ನಿಂತರೂ ಹುಡುಗಿಯ ಕಣ್ಣಿನವರೆಗೆ ಇಳಿಯಿತು. ಜಡೆ ಹೊರಗೇ ಬಿಟ್ಟರು. ಹೆಗಲ ಮೇಲೆ ಕೂರಿಸಿಕೊಂಡು ಏಳುವಾಗ ಹಳೆಯ ಮೊಣಕಾಲು ಕಟಕ್ ಎಂದಿತು, ವಸ್ತಾದ ರಟ್ಟೆಗೆ ಕೈ ಕೊಟ್ಟ. ಅಷ್ಟೂ ಪೈಲವಾನರು ಅದೇ ಸಾಲಿನಲ್ಲಿ ಹಿಂದೆ ಬಂದರು, ಅವರ ಹಿಂದೆ ಮಕ್ಕಳು. ದಾರಿಯಲ್ಲಿ ಸಿಕ್ಕ ಸಿಕ್ಕವರಿಗೆ ಸರ್ ತಾವೇ ನಿಂತು ಸುದ್ದಿ ಹೇಳಿದರು. ಚಹಾದಂಗಡಿಯವನಿಗೆ, ಹಿಟ್ಟಿನ ಗಿರಣಿಯ ಮುಂದಿನ ಹೆಂಗಸರಿಗೆ, ಅಥಣಿಯ ಬಸ್ಸಿನ ಕಂಡಕ್ಟರನಿಗೆ, ನಾನು ಸೋತೆ ನೋಡಿರಿ, ಏಳನೆಯತ್ತೆಯ ಹುಡುಗಿಯ ಕೈಯಲ್ಲಿ ಸೋತೆ ಎಂದು. ಮಗ ಪರೀಕ್ಷೆಯಲ್ಲಿ ಮೊದಲು ಬಂದವನ ಹಾಗೆ ಹೇಳುತ್ತಿದ್ದಾರಲ್ಲ ಎಂದು ಕಂಡಕ್ಟರ ಗಾಬರಿಯಾಗಿ ಸೀಟಿ ಊದಲು ಮರೆತ. ಡೇರಿಯ ಮುಂದೆ ಸುಧೀರ ಮಗಳನ್ನು ನೋಡಿದವನೇ ಕೈಯಲ್ಲಿದ್ದ ಹಾಲು ಅಳೆಯುವ ಲೀಟರು ಹಿಡಿದುಕೊಂಡೇ ಮೆರವಣಿಗೆಗೆ ಸೇರಿದ.

ಮೇಲೆ ಕೂತ ಹುಡುಗಿ ಮಾತ್ರ ಗಂಭೀರ. ಬಸದಿಯ ತಿರುವಿನಲ್ಲಿ ಬಗ್ಗಿ ಸರ್ ಕಿವಿಯಲ್ಲಿ ಏನೋ ಕೇಳಿದಳು. ಸಾಲು ಬೇಡ, ದುಂಡಗೆ ನಿಲ್ಲಿಸಿದರೆ, ಅಂದರೆ ಬಾಲದವನು ತಲೆಯವನನ್ನೂ ಕೆಡವಿರಬೇಕು ಅಂದರೆ, ಆಗಲೂ ಆಗುತ್ತದೆಯೇ? ಎಲ್ಲರನ್ನೂ ಗೆದ್ದವನು ಒಬ್ಬ ಇದ್ದರೆ ಹೇಗೆ ಆಗುತ್ತದೆ, ಅವನನ್ನು ಕೆಡವಿದವರು ಯಾರೂ ಇಲ್ಲವಲ್ಲ ಎಂದರು ಸರ್. ಅಂಥವನು ಇಲ್ಲದಿದ್ದರೆ ಎಂದಳು ಪೂನಮ. ಆಬಾ ಸರ್ ನಡುರಸ್ತೆಯಲ್ಲಿ ನಿಂತುಬಿಟ್ಟರು, ಹಿಂದಿನ ಪೈಲವಾನರು ಒಬ್ಬರ ಮೇಲೊಬ್ಬರು ಬಂದು ಮುಗ್ಗರಿಸಿದರು. ನನಗೂ ಗೊತ್ತಿಲ್ಲ, ಇಬ್ಬರೂ ಕೂಡಿ ನೋಡೋಣ ಎಂದು ಹೇಳಿ ಸರ್ ಮತ್ತೆ ನಡೆದರು.

ಗದ್ದಲ ಕೇಳಿ ಮಂಗಲ ಅವರು ಬಾಗಿಲಿಗೆ ಬಂದಿದ್ದರು. ಕಣ್ಣಿನವರೆಗೆ ಇಳಿದ ಫೇಟಾ, ಅದರ ಕೆಳಗೆ ಬೆವರಿನಲ್ಲಿ ತೊಯ್ದ ಗಂಡನ ಮುಖ, ಎರಡನ್ನೂ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ ಕೇಳಿದರು.

"ನಾ ಹೇಳಿದ್ದಕ್ಕ ಬಿಟ್ಟಕೊಟ್ರೇನ್ರಿ?"

"ಇಲ್ಲ, ಮಂಗಲಾ," ಎಂದರು ಆಬಾ ಸರ್. "ಇದ್ದಬದ್ದ ತಾಕತ್ತೆಲ್ಲಾ ಹಚ್ಚಿದ್ನಿ. ಖರೇನ ಸೋತ್ನಿ."

ಹೇಳಿದವರೇ ನಗತೊಡಗಿದರು. ಆ ನಗೆಗೆ ಹೆಗಲು ಎಷ್ಟು ಕುಲುಕಿತೆಂದರೆ, ಪೂನಮ ಬೀಳದಿರಲು ಎರಡೂ ಕೈಯಿಂದ ಮಾಸ್ತರನ ಕಿವಿ ಹಿಡಿದುಕೊಳ್ಳಬೇಕಾಯಿತು.